ಪಿ.ಆರ್.ಎನ್. ಕಂಡಕ್ಟರ ಹೋಲ್ಡಾನ್

ಕಂಡಕ್ಟರು ಮೊದಲ ಸಲ ಧ್ವನಿ ವಿಭಾಗಕ್ಕೆ ಬಂದಾಗ ಒಳಗೆ ಕಾಲಿಡಲಿಲ್ಲ. ಬಾಗಿಲ ಆಚೆ ನಿಂತು, ಬೆರಳ ಗೆಣ್ಣಿನಿಂದ ಚೌಕಟ್ಟಿಗೆ ಟಕ್ ಟಕ್ ಎಂದು ಬಡಿದರು. ಬಸ್ಸಿನ ತಗಡಿಗೆ ಬಡಿದು ಬಡಿದು ಆ ಗೆಣ್ಣುಗಳ ಮೇಲೆ ಚರ್ಮ ದಪ್ಪಗಟ್ಟಿತ್ತು. ಒಗೆದು ಒಗೆದು ಬಿಳಿಚಿದ ಖಾಕಿ ಅಂಗಿ; ಹೆಗಲ ಮೇಲೆ ಚೀಲದ ಪಟ್ಟಿ ಕೂರುತ್ತಿದ್ದ ಕಡೆ ಮಾತ್ರ ಹಳೆಯ ಬಣ್ಣ ಒಂದು ಗೆರೆಯಾಗಿ ಉಳಿದಿತ್ತು. ಕುತ್ತಿಗೆಗೆ ಕರವಸ್ತ್ರ ಸುತ್ತಿಕೊಂಡಿದ್ದರು.

"ಒಳಗೆ ಸೀಟಿದೆಯಾ ಮೇಡಂ?" ಎಂದರು. ಒಣಗಿದ ಎಲೆಗಳ ಮೇಲೆ ಯಾರೋ ಹುಷಾರಾಗಿ ನಡೆದ ಹಾಗಿತ್ತು ಆ ದನಿ.

"ಎಲ್ಲಾ ಸೀಟೂ ಖಾಲಿ. ಬನ್ನಿ" ಎಂದಳು ದನಿಯಮ್ಮ.

ಅವಳಿಗೆ ಆ ಹೆಸರು ಇಟ್ಟವರು ರೋಗಿಗಳು. ಓದು ಮುಗಿಸಿ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬದ ಹುಡುಗಿಯನ್ನು ಮುದುಕರೂ ದನಿಯಮ್ಮ ಎನ್ನುವಾಗ ಅವಳಿಗೆ ನಗು ಬರುತ್ತಿತ್ತು. ಗಂಟಲ ಆಸ್ಪತ್ರೆಯ ನೆಲಮಹಡಿಯಲ್ಲಿ, ಮೊದಲು ಹಾಸಿಗೆ ಒಟ್ಟುತ್ತಿದ್ದ ಒಂದು ಕೋಣೆ ಅವಳದು. ಹೊರಗಿನ ಸದ್ದು ಬರದಿರಲೆಂದು ಗೋಡೆಗೆಲ್ಲ ಹಳೆಯ ಹಾಸಿಗೆಗಳನ್ನೇ ಮೊಳೆ ಹೊಡೆದು ನಿಲ್ಲಿಸಿದ್ದರು. ಒಳಗೆ ಹೋದವರಿಗೆ ತಮ್ಮ ಕಿವಿಯೊಳಗಿನ ಸದ್ದು ತಮಗೇ ಕೇಳಿಸುತ್ತಿತ್ತು. ಒಂದು ಮೇಜು, ಮೈಕು, ಬೇರೆ ಕಡೆ ಯಾರಿಗೂ ಬೇಡವಾದ ಒಂದು ಹಳೆಯ ಕಂಪ್ಯೂಟರು, ಅದಕ್ಕೆ ತಂತಿ ಹಾಕಿದ ಪ್ರಿಂಟರು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆ ತೆಗೆಸಿಕೊಳ್ಳಬೇಕಾದವರು ಅದಕ್ಕೆ ಮೊದಲು ಇಲ್ಲಿಗೆ ಬಂದು, ಮನೆಯಲ್ಲಿ ದಿನವೂ ಆಡುವ ನಾಲ್ಕು ಮಾತು ಆಡಿ ಹೋಗುತ್ತಿದ್ದರು. ವಾಸಿಯಾದ ಮೇಲೆ ದನಿಯಮ್ಮ ಅದನ್ನು ಕ್ಯಾಸೆಟ್ಟಿಗೆ ಇಳಿಸಿ ಕೊಡುತ್ತಿದ್ದಳು.

ಕಂಡಕ್ಟರು ಕುರ್ಚಿಯ ತುದಿಯಲ್ಲಿ ಕೂತು ಸುತ್ತಲೂ ನೋಡಿದರು. "ಹಾಸಿಗೆ ನಿಲ್ಲಿಸ್ಬಿಟ್ಟಿದೀರಿ. ಮಲಗೋದು ಹೆಂಗೆ?"

"ಇಲ್ಲಿ ಯಾರೂ ಮಲಗಲ್ಲ. ಏನು ಹೇಳ್ಬೇಕು ಅಂತ ಯೋಚನೆ ಮಾಡ್ಕೊಂಡು ಬಂದಿದೀರಾ?"

"ಒಂದೇ ಮಾತು. ಹೋಲ್ಡಾನ್."

ಅವಳು ನಕ್ಕಳು. ಅವರು ನಗಲಿಲ್ಲ.

"ನಮ್ಮಮ್ಮಂಗೆ ಕಣ್ಣು ಕಾಣಲ್ಲ ಮೇಡಂ. ನಾನು ಹುಟ್ಟೋಕ್ ಮುಂಚೆನೇ ಹೋಗಿದ್ದು. ನನ್ನ ಮುಖ ಅವಳು ನೋಡೇ ಇಲ್ಲ. ಅವಳಿಗೆ ಮಗ ಅಂದ್ರೆ ಈ ದನಿನೇ. ಕೆಲಸಕ್ಕೆ ಸೇರಿದ ದಿನ ಜಂಬಕ್ಕೆ ಬಾಗಿಲಲ್ಲಿ ನಿಂತು ಹೋಲ್ಡಾನ್ ಅಂತ ಕೂಗಿದೆ. ಅವಳು ಒಳಗಿಂದ, ರೈಟ್, ಒಳಗ್ ಬಾ, ಅಂದ್ಲು. ಆವತ್ತಿಂದ ಅದೇ ಅಭ್ಯಾಸ. ಹೋಲ್ಡಾನ್ ಅನ್ನದೆ ನಾನು ಮನೆ ಹೊಕ್ಕಿಲ್ಲ, ರೈಟ್ ಅನ್ನದೆ ಅವಳು ಹೊಗಿಸಿಲ್ಲ."

"ನೀವು ಕೂಗೋ ಹಾಗಿಲ್ಲ ಅಂತ ಡಾಕ್ಟರು ಬರೆದಿದಾರೆ."

"ಒಂದೇ ಸಲ. ಆಮೇಲೆ ಈ ಗಂಟಲು ಏನಾದ್ರೂ ಆಗ್ಲಿ. ಹೆಂಗಿದ್ರೂ ಕಿತ್ತು ಬಿಸಾಕ್ತಾರಲ್ಲ."

ಅವಳು ಯಂತ್ರ ಶುರು ಮಾಡಿದಳು. ಅವರು ಮೈಕಿನ ಹತ್ತಿರ ಬಾಗಿ, ಮೊದಲು ಮೆಲ್ಲಗೆ ಅಮ್ಮನಿಗೆ ಎರಡು ಮಾತು ಹೇಳಿದರು. ಮಾತ್ರೆ ನುಂಗಿದೆಯಾ, ಕಿಟಕಿ ಹಾಕಿದೀನಿ, ಹೆದರ್ಕೋಬೇಡ. ಆಮೇಲೆ ಕಣ್ಣು ಮುಚ್ಚಿ, ಕುತ್ತಿಗೆಯ ಕರವಸ್ತ್ರ ಬಿಚ್ಚಿ, ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದರು. ಆ ಸವೆದ ಗಂಟಲಿನಿಂದ ಅಂಥ ದನಿ ಬರಬಹುದೆಂದು ಅವಳು ಎಣಿಸಿರಲಿಲ್ಲ. ಕಿಕ್ಕಿರಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಮುಟ್ಟಿ ಬಸ್ಸು ನಿಲ್ಲಿಸುವ ಕೂಗು ಅದು. ಕೂಗಿ ಮುಗಿಸಿದವರಿಗೆ ಮಾತೇ ಹೊರಡಲಿಲ್ಲ. ಕೈಸನ್ನೆಯಲ್ಲಿ ನೀರು ಕೇಳಿ ಕುಡಿದರು. ಅವಳು ಹೆಡ್‌ಫೋನು ತೊಡಿಸಿ ಕೇಳಿಸಿದಾಗ ತಲೆಯಾಡಿಸಿ ಹೆಬ್ಬೆರಳು ಎತ್ತಿದರು.

ಇನ್ನು ಉಳಿದದ್ದು ಅದನ್ನು ಕಂಪ್ಯೂಟರಿನಲ್ಲಿ ಭದ್ರ ಮಾಡುವುದು. ಆ ಕೆಲಸಕ್ಕೆ ದನಿಯಮ್ಮನ ಸೋದರಮಾವ ಒಂದು ಪುಟ್ಟ ಪ್ರೋಗ್ರಾಮು ಬರೆದುಕೊಟ್ಟಿದ್ದ. ಆಸ್ಪತ್ರೆಯ ಯಂತ್ರಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ಅವನೇ. ರೋಗಿಯ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಒತ್ತಿದರೆ ಸಾಕು. ಪ್ರೋಗ್ರಾಮು ಆ ಹೆಸರಿನ ಒಂದು ಫೋಲ್ಡರು ಮಾಡಿ, ಧ್ವನಿಯನ್ನು ಅದರೊಳಗೆ ನಕಲು ಮಾಡಿ, ಜಾಗ ಉಳಿಯಲೆಂದು ಮೊದಲಿನದನ್ನು ಅಳಿಸಿಹಾಕುತ್ತಿತ್ತು. ಕಂಡಕ್ಟರ ಊರಿನದೊಂದು, ತಂದೆಯದೊಂದು, ತಮ್ಮದೊಂದು ಅಕ್ಷರ ಸೇರಿ ಆದದ್ದು ಪಿ.ಆರ್.ಎನ್. ಅವಳು ಮೂರೂ ಒತ್ತಿದಳು.

ಪಕ್ಕದಲ್ಲಿ ಪ್ರಿಂಟರು ಗರ್ರೆಂದಿತು.

ಅವಳು ಅದಕ್ಕೆ ಏನೂ ಹೇಳಿರಲಿಲ್ಲ. ಆದರೂ ಅಚ್ಚೊತ್ತುವ ಸೂಜಿ ಓಡಾಡತೊಡಗಿ, ಮಡಿಕೆ ಮಡಿಕೆಯ ಉದ್ದನೆಯ ಕಾಗದ ಮೇಲೆದ್ದು ನೆಲಕ್ಕೆ ಇಳಿಯತೊಡಗಿತು. ಕಾಗದದ ತುಂಬ ಒಂದೇ ಅಕ್ಷರ: ಇಂಗ್ಲಿಷಿನ ಸಿ, ಕೆಳಗೊಂದು ಬಾಲ. ಸಾಲಿನ ಮೇಲೆ ಸಾಲು ಅದೇ. ಮಧ್ಯೆ ಮಧ್ಯೆ ಮಾತ್ರ ಬೇರೆ ಬೇರೆ ಅಕ್ಷರಗಳು ಕದಡಿದ ಹಾಗೆ ಗುಂಪುಗೂಡಿ ಬಂದು, ಮತ್ತೆ ಅದೇ ಬಾಲದ ಅಕ್ಷರಕ್ಕೆ ಮರಳುತ್ತಿದ್ದವು. ಅವಳು ಯಾವ ಕೀಲಿ ಒತ್ತಿದರೂ ಕೇಳಲಿಲ್ಲ. ಕಾಗದ ಕಂಡಕ್ಟರ ಕಾಲ ಬುಡದಲ್ಲಿ ರಾಶಿಯಾಯಿತು. ಅವರು ಮೊಣಕಾಲು ಮೇಲೆತ್ತಿ ಕೂತು, ಉಸಿರಿನಲ್ಲೇ, "ಇಷ್ಟುದ್ದ ಟಿಕೆಟ್ಟು ನಾನು ಯಾರಿಗೂ ಕೊಟ್ಟಿಲ್ಲ ಮೇಡಂ" ಎಂದರು. ಇಬ್ಬರೂ ನಕ್ಕರು.

ಸಾಕಷ್ಟು ಹೊತ್ತಿನ ಮೇಲೆ, ಒಂದು ಸಾಲಿನ ನಡುವೆ, ಯಾರೋ ಕೈ ಹಿಡಿದು ನಿಲ್ಲಿಸಿದ ಹಾಗೆ ಸೂಜಿ ನಿಂತಿತು. ಪರದೆಯ ಮೇಲೆ ಎಂದಿನ ಸಂದೇಶ ಬಂತು: ಒಂದು ಫೈಲು ನಕಲಾಗಿದೆ. ಅದನ್ನು ಓದಿ ಅವಳಿಗೆ ಸಮಾಧಾನವಾಯಿತು. ಪ್ರಿಂಟರಿಗೆ ಹುಚ್ಚು ಹಿಡಿದಿದೆ, ಮಾವನಿಗೆ ಹೇಳಬೇಕು ಎಂದುಕೊಂಡಳು. ಕಂಡಕ್ಟರು ಆ ಕಾಗದವನ್ನೆಲ್ಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. "ಇಲ್ಲಿಗೆ ಬಂದಿದ್ದಕ್ಕೆ ಟಿಕೆಟ್ಟು" ಎಂದು ತುಟಿಯಲ್ಲೇ ಹೇಳಿ ಹೋದರು. ಆ ತುಟಿಮಾತಿನ ನಂತರ ಅವರು ಮತ್ತೆ ಮಾತಾಡಲಿಲ್ಲ.

ಅವರಾದ ಮೇಲೆ ಅದೇ ಕುರ್ಚಿಯಲ್ಲಿ ಬಂದು ಕೂತವಳು ಹಾಸಿಗೆ ಹೊಲಿಯುವ ಒಬ್ಬ ಹೆಂಗಸು. ಗೋಡೆಯ ಹಾಸಿಗೆಗಳ ಹೊಲಿಗೆ ಮುಟ್ಟಿ ನೋಡಿ, "ಇದು ನಮ್ಮ ಕೈಯದಲ್ಲ" ಎಂದಿದ್ದಳು. ಅವಳ ಗಂಡ ದಾರಿಯಲ್ಲಿ ಯಾವಾಗಲೂ ಮುಂದೆ ಮುಂದೆ ನಡೆದುಬಿಡುವವನಂತೆ. ಅದಕ್ಕೆ ಅವಳು ಮೈಕಿಗೆ ಆಡಿದ ಕೊನೆಯ ಮಾತು, "ನಾನೂ ಬರ್ತೀನಿ, ಸ್ವಲ್ಪ ನಿಲ್ಲಿ" ಎಂಬುದು. ಅವಳು ಆಪರೇಷನ್ ಮೇಜಿನಿಂದ ಏಳಲಿಲ್ಲ. ಗಂಡ ಬಂದು ಕ್ಯಾಸೆಟ್ಟು ಇಸಿದುಕೊಂಡು, ಮುಂದೆ ಮುಂದೆ ನಡೆದು ಹೋದ.

ಕಂಡಕ್ಟರು ಮತ್ತೆ ಬಂದಾಗ ಬಾಗಿಲಿಗೆ ಟಕ್ ಟಕ್ ಎಂದು ಬಡಿದದ್ದರಿಂದಲೇ ದನಿಯಮ್ಮನಿಗೆ ಗುರುತಾಯಿತು. ಸೊರಗಿಹೋಗಿದ್ದರು. ಕುತ್ತಿಗೆಯ ಬುಡದಲ್ಲಿ ಉಸಿರಿಗೆಂದು ಮಾಡಿದ ರಂಧ್ರದ ಮೇಲೆ ತೆಳು ಬಟ್ಟೆ. ಉಸಿರಾಡಿದಾಗೆಲ್ಲ ಅದು ಉಬ್ಬಿ ಇಳಿಯುತ್ತಿತ್ತು. ಕೈಯಲ್ಲಿ ಮಕ್ಕಳ ಸ್ಲೇಟು. ಅದರ ಮೇಲೆ ಬರೆದರು: ನನ್ನ ಹೋಲ್ಡಾನ್ ಕೊಡಿ.

"ಕೊಡ್ತೀನಿ, ಕೂತ್ಕೊಳ್ಳಿ. ಅಮ್ಮ ಹೇಗಿದಾರೆ?"

ಅವರು ಸ್ಲೇಟು ಒರೆಸಿದರು. ಬರೆದರು. ಒರೆಸಿದರು. ಮತ್ತೆ ಬರೆದರು. ಹಾಗೆ ತುಂಡು ತುಂಡಾಗಿ ತಿಳಿದದ್ದು ಇಷ್ಟು. ಆಸ್ಪತ್ರೆಯಿಂದ ಮನೆಗೆ ಹೋದಾಗ ಅಮ್ಮ, ಯಾರು, ಎಂದಳು. ಅವರು ಹತ್ತಿರ ಹೋಗಿ ಅವಳ ಕೈ ತೆಗೆದು ತಮ್ಮ ಕೆನ್ನೆಯ ಮೇಲೆ ಇಟ್ಟುಕೊಂಡರು. ಆ ಕೈ ಕೆನ್ನೆಯಿಂದ ಗದ್ದಕ್ಕೆ, ಗದ್ದದಿಂದ ಕುತ್ತಿಗೆಗೆ ಇಳಿಯಿತು. ರಂಧ್ರದಿಂದ ಬಂದ ಬಿಸಿ ಉಸಿರು ಬೆರಳಿಗೆ ತಾಗಿದ್ದೇ ತಡ, ಅವಳು ಕೈ ಕಿತ್ತುಕೊಂಡು ಗೋಡೆಗೆ ಸರಿದಳು. ಮೂಗಿನಲ್ಲಿ ಉಸಿರಿಲ್ಲ, ಕುತ್ತಿಗೆಯಲ್ಲಿ ಉಸಿರು. ಇದು ಮನುಷ್ಯನಲ್ಲ, ನನ್ನ ಮಗ ಎಲ್ಲಿ, ಎಂದು ಕೂಗಿದಳು. ಮಗನೇ ಎಂದು ಪಕ್ಕದ ಮನೆಯವರು ಹೇಳಿದರೂ ನಂಬಲಿಲ್ಲ. ಅಂದಿನಿಂದ ಅವರ ಕೈಯಿಂದ ಕೊಡಿಸಿದರೆ ಮಾತ್ರ ಅನ್ನ ಮುಟ್ಟುತ್ತಾಳೆ. ಮಗ ಒಳಗೆ ಓಡಾಡಿದರೆ ಉಸಿರು ಬಿಗಿಹಿಡಿದು ಕೂರುತ್ತಾಳೆ. ಸಂಜೆಯಾದರೆ ಬಾಗಿಲ ಕಡೆ ಕಿವಿಕೊಟ್ಟು ಕಾಯುತ್ತಾಳೆ.

ಕೊನೆಯಲ್ಲಿ ಅವರು ಬರೆದದ್ದು: ನಾನು ಮನೆಯಲ್ಲೇ ಇದ್ದೀನಿ. ನನಗೇ ಕಾಯ್ತಿದ್ದಾಳೆ.

ದನಿಯಮ್ಮ ಕಂಪ್ಯೂಟರಿಗೆ ತಿರುಗಿ ಮೂರಕ್ಷರ ಒತ್ತಿದಳು. ಆ ಹೆಸರಿನಲ್ಲಿ ಏನೂ ಇಲ್ಲ ಎಂದಿತು. ಕೈತಪ್ಪಿರಬೇಕೆಂದು ಮತ್ತೆ ಒತ್ತಿದಳು. ಇಲ್ಲ. ಹೋಗಲಿ, ಇಲ್ಲವೆಂದ ಮೇಲೆ ಹೊಸದಾಗಿ ಮಾಡೋಣ ಎಂದು ಅದೇ ಹೆಸರಿನ ಫೋಲ್ಡರು ಮಾಡಲು ಹೋದರೆ, ಮಾಡಲು ಆಗದು ಎಂದಿತು. ಇಲ್ಲ ಎನ್ನುತ್ತದೆ, ಇರಲೂ ಬಿಡುವುದಿಲ್ಲ. ಹಿಂದೆ ಕೂತಿದ್ದ ಕಂಡಕ್ಟರ ಕುತ್ತಿಗೆಯ ಬಟ್ಟೆ ಬೇಗ ಬೇಗ ಉಬ್ಬಿ ಇಳಿಯುವ ಸದ್ದು ಆ ಹಾಸಿಗೆ ಕೋಣೆಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು.

"ನಾಳೆ ಬನ್ನಿ. ಬರುವಾಗ ಆವತ್ತಿನ ಕಾಗದ ಇದ್ರೆ ತನ್ನಿ" ಎಂದಳು. ಅದನ್ನು ಯಾಕೆ ಕೇಳಿದಳೋ ಅವಳಿಗೇ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಂಡಕ್ಟರು ಕಾಗದ ಹಿಡಿದು ಬಂದು ಕೂತಿದ್ದಾಗ ಮಾವನೂ ಬಂದ. ತಲೆಯ ಮೇಲೆ ಕನ್ನಡಕ ಏರಿಸಿಕೊಂಡು ಅದನ್ನೇ ಹುಡುಕುವವನು, ಬಾಯಿ ಬಿಟ್ಟರೆ ತಮಾಷೆ. ಸೋದರಸೊಸೆ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವನ ತಮಾಷೆ ಇಂಗಿಹೋಗಿತ್ತು.

"ಏನು ಹೆಸರು ಒತ್ತಿದೆ ಅಂದೆ?"

"ಪಿ ಆರ್ ಎನ್."

ಮಾವ ಕುರ್ಚಿ ಎಳೆದುಕೊಂಡು ಕೂತ. ಕಂಡಕ್ಟರು ತಂದ ಕಾಗದದ ಮೊದಲ ಮಡಿಕೆ ಬಿಡಿಸಿ ಮೇಲಿನ ಸಾಲಿನ ಮೇಲೆ ಬೆರಳಿಟ್ಟ. ಬಾಲದ ಅಕ್ಷರಗಳು ಶುರುವಾಗುವ ಮುಂಚೆ, ಅವಳು ಅಂದು ಗಮನಿಸದೆ ಬಿಟ್ಟಿದ್ದ ಒಂದು ಪದ ಇತ್ತು: ವೇವ್. ಧ್ವನಿಯ ಫೈಲಿನ ಹಣೆಯ ಮೇಲೆ ಇರುವ ಗುರುತು.

"ಇದು ಕಾಗದ ಅಲ್ಲ ಕಣೆ. ಇವರ ದನಿ" ಎಂದ.

"ಮಾವ, ತಮಾಷೆ ಬೇಡ."

"ತಮಾಷೆ ಮಾಡೋ ಹೊತ್ತಾ ಇದು? ಕೇಳು. ಮೊದಮೊದಲ ಕಂಪ್ಯೂಟರುಗಳಲ್ಲಿ ಫೋಲ್ಡರು ಅನ್ನೋದೇ ಇರ್ಲಿಲ್ಲ. ಪ್ರಿಂಟರಿಗೆ ಏನಾದ್ರೂ ಕಳಿಸ್ಬೇಕಾದ್ರೆ, ಅದೂ ಒಂದು ಫೈಲು ಅನ್ನೋ ಹಾಗೆ ಹೆಸರು ಹಿಡಿದು ಕರೀತಿದ್ರು. ಆ ಹೆಸರು ಪಿ ಆರ್ ಎನ್. ಪರದೆಗೊಂದು ಹೆಸರು, ಕಸದ ಗುಂಡಿಗೊಂದು ಹೆಸರು. ಆಮೇಲೆ ಕಂಪ್ಯೂಟರು ಬದಲಾಯ್ತು, ಫೋಲ್ಡರು ಬಂತು, ಏನೇನೋ ಬಂತು. ಆದ್ರೆ ಹಳೇ ಪ್ರೋಗ್ರಾಮುಗಳು ಕೆಡಬಾರದು ಅಂತ ಆ ಹೆಸರುಗಳನ್ನ ಹಂಗೇ ಬಿಟ್ರು. ಮನೆ ಕಟ್ಟೋಕ್ ಮುಂಚೆ ಬಂದು ಕೂತವರು ಅವರು. ನೀನು ಯಾವ ಕೋಣೆಲಿ ಆ ಹೆಸರು ಕರೆದ್ರೂ ಅವರೇ ಓ ಅಂತಾರೆ."

ಕಂಡಕ್ಟರು ಸ್ಲೇಟಿನ ಮೇಲೆ ಬರೆದರು: ನನ್ನ ಸೀಟಲ್ಲಿ ಬೇರೆ ಯಾರೋ.

"ಹೌದು ಸಾರ್. ರಿಸರ್ವ್ ಮಾಡಿದ ಸೀಟು. ಮೂರಕ್ಷರದ ಪ್ರೋಗ್ರಾಮು ಬರೆದೋನು ನಾನು. ನನಗೆ ಹೊಳೀಬೇಕಿತ್ತು" ಎಂದ ಮಾವ. ಅವನ ಕಿವಿ ಕೆಂಪಾಗಿತ್ತು. "ನಿಮ್ಮ ದನೀನ ಫೋಲ್ಡರಿಗೆ ಹಾಕು ಅಂದ್ರೆ ಅದು ಪ್ರಿಂಟರಿಗೆ ಹಾಕ್ತು. ಹಾಕಿ, ನಕಲಾಯ್ತು ಅಂತ ಸಾಕ್ಷಿ ಹೇಳ್ತು. ಆಮೇಲೆ ಅಸಲನ್ನ ಅಳಿಸ್ತು."

ದನಿಯಮ್ಮ ಕಾಗದ ತಿರುವಿದಳು. "ಹಾಗಾದ್ರೆ ಈ ಬಾಲದ ಅಕ್ಷರ?"

"ಮೌನ. ಯಂತ್ರದೊಳಗೆ ಮೌನಕ್ಕೂ ಒಂದು ಸಂಖ್ಯೆ ಇದೆ, ಆ ಸಂಖ್ಯೆಗೆ ಈ ಅಕ್ಷರ. ಇವರು ಸುಮ್ಮನಿದ್ದ ಕಡೆಯೆಲ್ಲ ಅದು. ಈ ಕದಡಿದ್ದೆಲ್ಲ ಮಾತು."

ಅವಳು ಬೆರಳಿನಿಂದ ಸಾಲು ಹಿಡಿದು ಹೋದಳು. ಮೌನ, ಮೌನ, ಮೌನ. ಇಲ್ಲಿ ಮಾತ್ರೆ ನುಂಗಿದೆಯಾ ಇರಬೇಕು. ಮತ್ತೆ ಮೌನ. ಇಲ್ಲಿ ಹೆದರ್ಕೋಬೇಡ. ಮೂಕ ಮನುಷ್ಯನ ಎದುರು ಕೂತು ಅವನ ಮಾತನ್ನು ಕೈಯಲ್ಲಿ ಮುಟ್ಟುತ್ತಿದ್ದೇನೆ ಎಂದು ಅವಳಿಗೆ ಹೊಳೆಯಿತು. ಕೊನೆಯ ಮಡಿಕೆಯಲ್ಲಿ ಒಂದಿಷ್ಟು ಮೌನದ ನಂತರ ಅಕ್ಷರಗಳು ಒಮ್ಮೆಗೇ ಹುಚ್ಚೆದ್ದು, ಸಾಲಿನ ನಡುವೆ ಕಡಿದುಹೋಗಿದ್ದವು.

"ಇಲ್ಲಿ ಯಾಕೆ ನಿಂತಿತು?"

ಮಾವ ಕಡಿದ ಸಾಲಿನ ತುದಿಗೆ ಬೆರಳಿಟ್ಟ. "ಅದೂ ಹಳೇ ಕಾಲದ್ದೇ. ಆಗ ಫೈಲು ಎಲ್ಲಿಗೆ ಮುಗೀತು ಅಂತ ಸರಿಯಾಗಿ ಬರೆದಿಡೋ ವ್ಯವಸ್ಥೆ ಇರ್ಲಿಲ್ಲ. ಅದಕ್ಕೆ ಕೊನೇಲಿ ಒಂದು ಗುರುತು ಹಾಕ್ತಿದ್ರು, ಇಪ್ಪತ್ತಾರು ಅನ್ನೋ ಸಂಖ್ಯೆ. ಅದು ಕಂಡ್ರೆ ನಿಲ್ಸು ಅಂತ. ಪ್ರಿಂಟರಿಗೆ ಕಳಿಸೋವಾಗ ಯಂತ್ರ ಈಗ್ಲೂ ಅದನ್ನ ಪಾಲಿಸತ್ತೆ. ಮೆಲ್ಲಗಿನ ದನೀಲಿ ಆ ಸಂಖ್ಯೆ ಬರಲ್ಲ. ಜೋರಾಗಿ ಕೂಗಿದ್ರೆ ಮಾತ್ರ ಬರತ್ತೆ."

"ಅಂದ್ರೆ..."

"ಇವರು ಹೋಲ್ಡಾನ್ ಅಂದ್ರು. ಅದು ನಿಲ್ತು."

ಕಂಡಕ್ಟರು ಕಾಗದದ ಕಡಿದ ಸಾಲಿನ ಆಚೆಯ ಬಿಳಿ ಜಾಗವನ್ನು ಗೆಣ್ಣಿನಿಂದ ಮೆಲ್ಲಗೆ ಬಡಿದರು, ಒಳಗಿಂದ ಯಾರಾದರೂ ತೆರೆಯಬಹುದು ಎನ್ನುವ ಹಾಗೆ.

ಮಾವ ಎದ್ದು ಅಂಗಿಯ ತೋಳು ಮಡಿಸಿದ. ಯಂತ್ರದಲ್ಲಿ ಅಳಿಸುವುದೆಂದರೆ ನಿಜವಾಗಿ ಅಳಿಸುವುದಲ್ಲ, ಹೆಸರಿನ ಮೊದಲಕ್ಷರ ಕಿತ್ತು, ಈ ಜಾಗ ಖಾಲಿ ಎಂದು ಬರೆಯುವುದು ಅಷ್ಟೇ ಎಂದ. ಬೇರೆಯವರು ಬಂದು ಕೂರುವ ತನಕ ಹಳಬರು ಅಲ್ಲೇ ಇರುತ್ತಾರೆ. ತಾನು ತಂದ ಫ್ಲಾಪಿಯಿಂದ ಒಂದು ಪ್ರೋಗ್ರಾಮು ಓಡಿಸಿದಾಗ ಅಳಿಸಿದ ಫೈಲುಗಳ ಹೆಸರು ಪರದೆಯ ಮೇಲೆ ಒಂದರ ಕೆಳಗೊಂದು ಬಂದು ನಿಂತವು. ಎಲ್ಲದರ ಮೊದಲಕ್ಷರದ ಜಾಗದಲ್ಲೂ ಒಂದು ಪ್ರಶ್ನೆ ಗುರುತು. ತಲೆಯಿಲ್ಲದವರ ಸಾಲಿನಂತಿದ್ದ ಅದನ್ನು ದನಿಯಮ್ಮನಿಗೆ ಬಹಳ ಹೊತ್ತು ನೋಡಲಾಗಲಿಲ್ಲ. ಮಾವ ಅಂದಿನ ತಾರೀಖು ನೋಡಿ ಒಂದನ್ನು ಆರಿಸಿದ.

"ಇದರ ಮುಂದಿನ ಭಾಗದಲ್ಲಿ ಬೇರೆ ಯಾರೋ ಬಂದು ಕೂತಿದಾರೆ. ಹಿಂದಿನ ಭಾಗ ಉಳಿದ ಹಾಗಿದೆ. ಏನು ಬರತ್ತೋ ನೋಡೋಣ" ಎಂದು ಗುಂಡಿ ಒತ್ತಿದ.

ಸ್ಪೀಕರಿನಿಂದ ಬಂದದ್ದು ಹೆಂಗಸಿನ ದನಿ.

ದನಿಯಮ್ಮನಿಗೆ ಗುರುತು ಸಿಕ್ಕಿತು. ತೀರಿಹೋದ ಆ ಹಾಸಿಗೆ ಹೊಲಿಯುವವಳು ತನ್ನ ಪಾಡಿಗೆ ಮಾತಾಡುತ್ತಿದ್ದಳು. ಕಂಡಕ್ಟರು ಎದ್ದ ಜಾಗದಲ್ಲೇ ಅವಳು ಕೂತಿದ್ದಳು, ಕೋಣೆಯಲ್ಲೂ, ಯಂತ್ರದಲ್ಲೂ. ಮಾತಾಡುತ್ತ ಬಂದು, ಕೊನೆಗೆ, "ನಾನೂ ಬರ್ತೀನಿ, ಸ್ವಲ್ಪ ನಿಲ್ಲಿ" ಎಂದಳು. ಚೂರು ಮೌನ. ಅದರ ಬೆನ್ನಿಗೇ ಗೋಡೆ ನಡುಗುವಂತೆ ಕಂಡಕ್ಟರ ಕೂಗು: "ಹೋಲ್ಡಾನ್!"

ಬಸ್ಸಿಗಾಗಿ ಓಡಿಬಂದವಳಿಗೆ ಬಸ್ಸು ನಿಲ್ಲಿಸಿದ ಹಾಗೆಯೇ ಇತ್ತು. ಕಂಡಕ್ಟರ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅವರಿಗೆ ಆ ಹೆಂಗಸು ಯಾರೆಂದು ಗೊತ್ತಿರಲಿಲ್ಲ. ದನಿಯಮ್ಮ ಹೇಳಿದಳು. ಅವರು ಸ್ಲೇಟು ಒರೆಸಿ ಬರೆದರು: ಅವರನ್ನು ಇಳಿಸಬೇಡಿ, ಪಾಪ.

"ಇಲ್ಲ, ಆ ದನಿ ಕೇಳಿದ್ರೆ ಅಮ್ಮ ಗಾಬರಿಯಾಗ್ತಾರೆ. ನಿಮ್ಮದು ಮಾತ್ರ ಸಾಕು" ಎಂದಳು ದನಿಯಮ್ಮ. ಮಾವ ಹೆಂಗಸಿನ ಮಾತನ್ನೆಲ್ಲ ಕತ್ತರಿಸಿ ತೆಗೆದ. ಹೋಲ್ಡಾನ್ ಪದದ ತಲೆ ಹಾರಿಹೋಗದಿರಲೆಂದು ಅದಕ್ಕೆ ಮುಂಚಿನ ಚೂರು ಮೌನವನ್ನು ಮಾತ್ರ ಬಿಟ್ಟ. ಅದು ಯಾರ ಮೌನ ಎಂದು ಹೇಳುವ ಹಾಗಿರಲಿಲ್ಲ. ಯಂತ್ರದೊಳಗೆ ಎಲ್ಲರ ಮೌನಕ್ಕೂ ಒಂದೇ ಅಕ್ಷರ. ದನಿಯಮ್ಮ ಹೆಡ್‌ಫೋನಿನಲ್ಲಿ ಮತ್ತೆ ಮತ್ತೆ ಕೇಳಿ, ಹೆಂಗಸಿನ ಸುಳಿವೇ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕ್ಯಾಸೆಟ್ಟಿಗೆ ಇಳಿಸಿದಳು.

ಅವತ್ತೇ ಮಧ್ಯಾಹ್ನ ಅವಳೂ ಕಂಡಕ್ಟರ ಜೊತೆ ಅವರ ಮನೆಗೆ ಹೋದಳು. ಒಂದೇ ಕೋಣೆಯ ಮನೆ, ಬಾಗಿಲು ಬೀದಿಗೆ. ಬಿಸಿಲು ಹೊಸ್ತಿಲು ದಾಟಿ ಒಳಗೆ ಒಂದು ಮೊಳ ಬಿದ್ದಿತ್ತು. ಅದರಾಚೆ ಮಂಚದ ಮೇಲೆ ಮುದುಕಿ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಹೆಜ್ಜೆ ಸದ್ದಿಗೆ ಅವಳ ಮೈ ಬಿಗಿಯಾಯಿತು. "ಬಂತಾ ಅದು?" ಎಂದಳು ಗಾಳಿಗೆ.

ಕಂಡಕ್ಟರು ಹೊಸ್ತಿಲಲ್ಲಿ ನಿಂತರು. ಅಂಗಿಯ ಗುಂಡಿ ಸರಿಮಾಡಿಕೊಂಡರು. ಟೇಪ್ ರೆಕಾರ್ಡರನ್ನು ಎದೆಗೆ ಅವಚಿಕೊಂಡು ಗುಂಡಿ ಒತ್ತಿದರು.

"ಹೋಲ್ಡಾನ್!"

ಮುದುಕಿಯ ಕತ್ತು ಬಾಗಿಲಿಗೆ ತಿರುಗಿತು.

"ರೈಟ್" ಎಂದಳು ಮುದುಕಿ. ದನಿ ಒಡೆದಿತ್ತು. "ರೈಟ್, ಒಳಗ್ ಬಾ. ಎಷ್ಟು ದಿನ ಮಾಡ್ದೆಯೋ. ಇಲ್ಲೇನೋ ಬಂದು ಸೇರ್ಕೊಂಡಿತ್ತು ಕಣೋ, ಕತ್ತಲ್ಲಿ ಉಸಿರಾಡೋದು."

ಕಂಡಕ್ಟರು ಹೋಗಿ ಅವಳ ಕಾಲ ಬಳಿ ಕೂತರು. ಅವಳ ಕೈ ಅವರ ತಲೆ, ಕಿವಿ, ಕೆನ್ನೆ ಸವರಿತು. ಗದ್ದದ ಹತ್ತಿರ ಬಂದು, ಮುಂದೆ ಇಳಿಯದೆ, ಅಲ್ಲೇ ನಿಂತಿತು. ತನ್ನ ಕೈಯನ್ನು ಎಲ್ಲಿ ನಿಲ್ಲಿಸಬೇಕೆಂದು ಅವಳಿಗೆ ತಿಳಿದುಬಿಟ್ಟ ಹಾಗಿತ್ತು. ದನಿಯಮ್ಮ ಬಾಗಿಲಲ್ಲೇ ನಿಂತು ಕಣ್ಣು ಒರೆಸಿಕೊಂಡಳು.

"ಅವಳನ್ನೂ ಒಳಗೆ ಕರಿಯೋ" ಎಂದಳು ಮುದುಕಿ. "ಬಿಸಿಲಲ್ಲಿ ನಿಂತಿದಾಳೆ."

"ನಾನಮ್ಮಾ, ಆಸ್ಪತ್ರೆಯವಳು" ಎಂದು ದನಿಯಮ್ಮ ಒಳಗೆ ಒಂದು ಹೆಜ್ಜೆ ಇಟ್ಟಳು.

"ನೀನಲ್ಲ ಮಗಾ. ನಿನ್ನ ಹಿಂದೆ ಇರೋಳು. ಇವನು ಬಸ್ಸು ನಿಲ್ಸಿದ್ದು ಅವಳಿಗೇ ತಾನೆ."

ದನಿಯಮ್ಮ ಹಿಂತಿರುಗಿ ನೋಡಿದಳು. ಬೀದಿ ಖಾಲಿಯಿತ್ತು. ಹೊಸ್ತಿಲ ಮೇಲೆ ಅವಳೊಬ್ಬಳದೇ ನೆರಳು. ಕಂಡಕ್ಟರು ಮಾತ್ರ ಗಾಬರಿಯಾಗಲಿಲ್ಲ. ಎದ್ದು ಬಂದು, ಬಾಗಿಲ ಪಕ್ಕಕ್ಕೆ ಸರಿದು, ಹತ್ತುವವರಿಗೆ ಜಾಗ ಬಿಡುವಂತೆ ಗೋಡೆಗೆ ಅಂಟಿ ನಿಂತರು. ಸ್ವಲ್ಪ ಹೊತ್ತು ಹಾಗೆ ನಿಂತು, ಆಮೇಲೆ ಚೌಕಟ್ಟಿಗೆ ಟಕ್ ಟಕ್ ಎಂದು ಬಡಿದರು.

ಮಾವ ಮಾರನೆಯ ದಿನವೇ ಪ್ರೋಗ್ರಾಮು ಬದಲಾಯಿಸಿದ. ಈಗ ಮೂರಕ್ಷರದ ಮುಂದೆ ಒಂದು ಅಂಕಿ ಇರುತ್ತದೆ. ಕಂಡಕ್ಟರ ಫೋಲ್ಡರು ಆ ಕಂಪ್ಯೂಟರಿನಲ್ಲಿ ಇದೆ.

ಕಂಡಕ್ಟರು ಈಗ ಡಿಪೋದಲ್ಲಿ, ಪ್ರಯಾಣಿಕರು ಬಸ್ಸಿನಲ್ಲಿ ಮರೆತು ಹೋದ ಸಾಮಾನುಗಳ ಕೋಣೆ ನೋಡಿಕೊಳ್ಳುತ್ತಾರೆ. ಕೊಡೆ, ಚೀಲ, ಮಕ್ಕಳ ಚಪ್ಪಲಿ ಜೋಡಿಸಿಟ್ಟು, ಕೇಳಿಕೊಂಡು ಬಂದವರಿಗೆ ಕೊಡುತ್ತಾರೆ. ಸಂಜೆ ಮನೆ ಬಾಗಿಲಲ್ಲಿ ನಿಂತು ಟೇಪಿನ ಗುಂಡಿ ಒತ್ತುತ್ತಾರೆ, ಅಮ್ಮ ರೈಟ್ ಎಂದ ಮೇಲೆ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ, ಆಮೇಲೆ ಒಳಗೆ ಹೋಗುತ್ತಾರೆ.